ಕಾರವಾರದ ಮಳೆ: ಘಟ್ಟದ್ದೋ, ಕಾಂಕ್ರೀಟಿನದ್ದೋ?

ಕೋಡಿಬಾಗದವ: ಊರು ಬೆಳೆದಂತೆ ಮಳೆಯೂ ಜೋರಾಗುತ್ತದೆ, ಕಟ್ಟಡಗಳ ಕಾವು ಮೋಡ ಕಟ್ಟಲು ನೆರವಾಗುತ್ತದೆ ಎಂದು ಪತ್ರಿಕೆಯೊಂದರಲ್ಲಿ ಓದಿದೆ. ಕಾರವಾರದಲ್ಲಿ ಒಂದು ಗಂಟೆ ಸುರಿದರೆ ಸಾಕು, ರಸ್ತೆಯೇ ಹಳ್ಳ. ನಮ್ಮ ಮಳೆಗೂ ನಾವು ಕಟ್ಟಿದ್ದೇ ಕಾರಣವೇ?

ಶಿರಸಿ ತೋಟಿಗ: ಆಷಾಢದ ಮಳೆಗೆ ಕಾರವಾರದ ಕಟ್ಟಡಗಳು ಯಾವ ಲೆಕ್ಕ? ಅರಬ್ಬೀ ಸಮುದ್ರದ ತೇವ ಹೊತ್ತು ಬರುವ ಗಾಳಿಗೆ ಸಹ್ಯಾದ್ರಿ ಅಡ್ಡ ನಿಂತಿದೆ. ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಇಷ್ಟೇ.

ಹೊನ್ನಾವರ ಬಂದರು: ಇಷ್ಟೇ ಆಗಿದ್ದರೆ ಘಟ್ಟದ ಮೇಲಿರುವ ನಿಮಗೆ ಹೆಚ್ಚು, ಕೆಳಗಿರುವ ನಮಗೆ ಕಡಿಮೆ ಬೀಳಬೇಕಿತ್ತು. ಆಗುವುದು ತಿರುಗಾಮುರುಗಾ. ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ, ಶಿರಸಿ ಪೇಟೆಯ ಲೆಕ್ಕ ಅದಕ್ಕಿಂತ ಕೆಳಗೆ. ಮಳೆಗಾಲದಲ್ಲಿ ನಾಡದೋಣಿ ಇಳಿಸುವವರನ್ನು ಕೇಳಿ ನೋಡಿ: ಎಷ್ಟೋ ದಿನ ಕಡಲ ಮೇಲೆಯೇ ಸುರಿದು ಮುಗಿದಿರುತ್ತದೆ.

ಭೂಗೋಳದ ಮೇಷ್ಟ್ರು: ಬಂದರಿನವರ ಪ್ರಶ್ನೆ ಸರಿಯಾಗಿದೆ. ಗಾಳಿ ಬೆಟ್ಟದ ಬುಡ ಮುಟ್ಟಿದ ಮೇಲಷ್ಟೇ ಏಳುವುದಿಲ್ಲ. ಮುಂದಿನ ಗಾಳಿಗೆ ಘಟ್ಟ ತಡೆಯಾದಾಗ ಹಿಂದಿನ ಗಾಳಿಯೂ ನಿಧಾನವಾಗಿ ಒತ್ತರಿಸುತ್ತದೆ, ಕರಾವಳಿಯಲ್ಲೇ ಏಳತೊಡಗುತ್ತದೆ. ಗಾಳಿ ಸಪ್ಪೆಯಾದ ದಿನ ಮಳೆ ಕಡಲ ಕಡೆ ಸರಿಯುತ್ತದೆ, ರಭಸವಿದ್ದ ದಿನ ಘಟ್ಟ ಹತ್ತುತ್ತದೆ. ಇದರ ಜೊತೆಗೆ ಮಹಾರಾಷ್ಟ್ರದಿಂದ ಕೇರಳದವರೆಗೆ ತೀರದುದ್ದಕ್ಕೂ ಕಡಿಮೆ ಒತ್ತಡದ ಪಟ್ಟಿಯೊಂದು ಏರ್ಪಡುವುದುಂಟು. ಹವಾಮಾನ ಇಲಾಖೆ ಕರಾವಳಿಗೆ ರೆಡ್ ಅಲರ್ಟ್ ಕೊಟ್ಟಾಗ ಕಾರಣದ ಸಾಲಿನಲ್ಲಿ ಇದರ ಹೆಸರು ಆಗಾಗ ಇರುತ್ತದೆ. ಇನ್ನು ಎತ್ತರವೊಂದೇ ಲೆಕ್ಕವಲ್ಲ. ಮುಳ್ಳಯ್ಯನಗಿರಿ 1,900 ಮೀಟರ್ ಮೀರುತ್ತದೆ, ಶಿರಸಿ 600ರ ಆಸುಪಾಸು. ನಮ್ಮ ಘಟ್ಟ ಕುಳ್ಳಗಿದ್ದರೂ ಅದರ ಅಂಚಿನಲ್ಲಿರುವ ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು.

ಹಳಿಯಾಳದ ಹೊಲ: ನಾವೂ ಇದೇ ಉತ್ತರ ಕನ್ನಡ ಜಿಲ್ಲೆಯವರು ಎಂಬುದು ಯಾರಿಗಾದರೂ ನೆನಪಿದೆಯೇ? ಕರಾವಳಿಯ ಮಳೆಯ ಮೂರನೇ ಒಂದು ಪಾಲಿನ ಆಸುಪಾಸು ನಮಗೆ. ಘಟ್ಟ ದಾಟಿ ಇಳಿಯುವ ಗಾಳಿ ಬೆಚ್ಚಗಾಗುತ್ತದೆ, ಮೋಡ ಕರಗುತ್ತದೆ. ನಾವು ಗೋವಿನಜೋಳ ಬಿತ್ತಿ ಆಕಾಶ ನೋಡುತ್ತೇವೆ.

ಕೋಡಿಬಾಗದವ: ಹಾಗಾದರೆ ಮುಂಬೈ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಅದೇ ದಿನ ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬರೀ 73. ನಗರದ ಕಾವಲ್ಲದೆ ಮತ್ತೇನು?

ಭೂಗೋಳದ ಮೇಷ್ಟ್ರು: ಅಂಕಿ ಸರಿ, ತೀರ್ಮಾನ ತಪ್ಪು. ಕೊಲಾಬಾದಲ್ಲೇನು ಕಾಡಿದೆಯೇ? ಅಲ್ಲಿಯೂ ಕಟ್ಟಡಗಳೇ. ವಾರಗಟ್ಟಲೆ ಮೋಡ ಕವಿದಿರುವಾಗ ನಗರದ ಕಾವಿನ ಬಲವೂ ತಗ್ಗುತ್ತದೆ. ಹಾಗೆಂದು ನಗರದ ಪಾತ್ರ ಸುಳ್ಳಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ಸುತ್ತ 1970ರ ದಶಕದಲ್ಲಿ ಮಳೆಮಾಪಕಗಳನ್ನು ಹರಡಿ ಅಳೆದಾಗ, ಗಾಳಿ ಊರು ದಾಟಿ ಹೋಗುವ ಕಡೆ ಬೇಸಿಗೆಯ ಮಳೆ ಹೆಚ್ಚಿರುವುದು ಕಂಡಿತು. ಆದರೆ ಅದು ಬಹುಮಟ್ಟಿಗೆ ಸಮತಟ್ಟಾದ ಸೀಮೆ, ನೆಲದ ಬಿಸಿಯಿಂದ ಏಳುವ ಗುಡುಗು ಮಳೆ. ನಮ್ಮ ನಾಡಿನಲ್ಲಿ ಅಂಥದ್ದನ್ನು ಹುಡುಕುವುದಾದರೆ ಬೆಂಗಳೂರಿನ ಏಪ್ರಿಲ್-ಮೇ ಮಳೆಯಲ್ಲಿ ಹುಡುಕಬೇಕು, ಕಾರವಾರದ ಜುಲೈಯಲ್ಲಲ್ಲ.

ಶಿರಸಿ ತೋಟಿಗ: ಈ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಮುಂಡಗೋಡದ ದಿಕ್ಕಿನಲ್ಲಿ ಕಪ್ಪಾಗಿ, ಗುಡುಗಿ, ಅರ್ಧ ಗಂಟೆ ಹೊಡೆದು ಹೋಗುತ್ತದೆ. ಜುಲೈ ಹೊತ್ತಿನ ಪುನರ್ವಸು-ಪುಷ್ಯ ಮಳೆಯಲ್ಲಿ ಗುಡುಗೇ ಇಲ್ಲ, ಒಂದೇ ಸಮನೆ ಜಡಿ. ಅಡಿಕೆಗೆ ಕೊಳೆ ರೋಗ ತರುವುದು ಈ ಎರಡನೆಯದು. ಒಟ್ಟು ಎಷ್ಟು ಬಿತ್ತು ಎಂಬುದಕ್ಕಿಂತ ನಡುವೆ ಹೊಳವು, ಅಂದರೆ ಮಳೆಯ ಬಿಡುವು, ಸಿಕ್ಕಿತೇ ಎಂಬುದೇ ನಮಗೆ ಮುಖ್ಯ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿ ಇಟ್ಟಿರುತ್ತೇವೆ, ಮರ ಹತ್ತಿ ಅದನ್ನು ಹೊಡೆಯುವ ಕೊನೆಗೌಡ ಜಗಲಿಯಲ್ಲಿ ಕುಳಿತು ಎರಡನೇ ಎಲೆಯಡಿಕೆ ಕವಳ ಮುಗಿಸಿರುತ್ತಾನೆ, ಮರ ಮಾತ್ರ ಒಣಗುವುದಿಲ್ಲ.

ಗಂಗಾವಳಿ ದಂಡೆ: ಮಳೆ ಯಾರದ್ದಾದರೂ ಆಗಲಿ, ಅನಾಹುತ ನಮ್ಮದೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿ ನದಿಗೆ ನುಗ್ಗಿತು. ಬುಡ ಕಡಿದ ಗುಡ್ಡ ಎಷ್ಟು ದಿನ ನಿಲ್ಲುತ್ತದೆ?

ಯಲ್ಲಾಪುರ ಕಾನು: ಎಲ್ಲವನ್ನೂ ಹೆದ್ದಾರಿಯ ತಲೆಗೆ ಕಟ್ಟಬೇಡಿ. 2021ರ ಜುಲೈಯಲ್ಲಿ ನಮ್ಮ ಕಳಚೆ ಊರಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿ ಹೆದ್ದಾರಿಯಿಲ್ಲ, ಪೇಟೆಯಿಲ್ಲ, ಇದ್ದದ್ದು ತೋಟ ಮತ್ತು ಕಾಡು. ಮೇಲೆ ಜಂಬಿಟ್ಟಿಗೆ ಕಲ್ಲು, ಅಡಿಯಲ್ಲಿ ಜೇಡಿಯಂಥ ಮೆತ್ತನೆಯ ಶೇಡಿ ಮಣ್ಣು ಇರುವ ಇಳಿಜಾರುಗಳು ನಮ್ಮಲ್ಲಿ ಬೇಕಾದಷ್ಟಿವೆ. ನೀರು ಇಂಗಿ ಶೇಡಿ ನೆನೆದರೆ ಮೇಲಿನದೆಲ್ಲ ಜಾರುತ್ತದೆ.

ಗಂಗಾವಳಿ ದಂಡೆ: ತಾನಾಗಿಯೇ ಜಾರುವ ಗುಡ್ಡವೆಂದು ಗೊತ್ತಿದ್ದರೆ ಅದರ ಬುಡ ಕಡಿಯುವುದು ಇನ್ನೂ ದೊಡ್ಡ ತಪ್ಪಲ್ಲವೇ?

ಹೊನ್ನಾವರ ಬಂದರು: ಕೋಡಿಬಾಗದವರೇ, ನಿಮ್ಮ ರಸ್ತೆ ಹಳ್ಳವಾಗುವುದು ಉಬ್ಬರದ ಹೊತ್ತಿಗೋ, ಇಳಿತಕ್ಕೋ? ಉಬ್ಬರದಲ್ಲಿ ಸುರಿದರೆ ಗಟಾರದ ನೀರು ಕಡಲಿಗೆ ಇಳಿಯುವುದೇ ಇಲ್ಲ. ಎರಡರ ವೇಳೆ ಹೊಂದಿಸಿ ನೋಡಿದ್ದೀರಾ?

ಕೋಡಿಬಾಗದವ: ನೋಡಿಲ್ಲ, ಈ ಮಳೆಗಾಲದಲ್ಲಿ ಬರೆದಿಡುತ್ತೇನೆ. ಆದರೆ ನಮ್ಮ ಓಣಿಯ ಗಟಾರದ ಮೇಲೆ ಚಪ್ಪಡಿ ಹಾಕಿ ಎರಡು ಅಂಗಡಿ ಎದ್ದಿವೆ. ಅವುಗಳಿಗೆ ಉಬ್ಬರವೂ ಒಂದೇ, ಇಳಿತವೂ ಒಂದೇ.