ಡ್ರಿಲ್ ಪ್ಯಾಕ್‌ಗೆ ಯಾವ ಸೆಲ್? ಹೆಚ್ಚು ಕರೆಂಟ್ ಕೊಡುವ ಲಿಥಿಯಂ-ಅಯಾನ್ ಸೆಲ್‌ಗಳ ಪ್ರಶ್ನೋತ್ತರ

ಪ್ರಶ್ನೆ: 18 ವೋಲ್ಟ್ ಕಾರ್ಡ್‌ಲೆಸ್ ಡ್ರಿಲ್ಲಿನ ಪ್ಯಾಕ್ ಕೈಕೊಟ್ಟಿದೆ. ಒಳಗೆ 18650 ಅಳತೆಯ (18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ) ಹತ್ತು ಸೆಲ್‌ಗಳಿವೆ: ಎರಡೆರಡು ಸಮಾಂತರ, ಅಂಥ ಐದು ಜೋಡಿ ಸರಣಿಯಲ್ಲಿ. 2500 ಎಂಎಹೆಚ್ (ಮಿಲಿಆಂಪ್-ಅವರ್, ಚಾರ್ಜ್ ಹಿಡಿಯುವ ಕೆಪಾಸಿಟಿಯ ಅಳತೆ) ಇರುವ ಸ್ಯಾಮ್‌ಸಂಗ್ 25ಆರ್ ಬದಲು 3500ರ 35ಇ ಹಾಕಿದರೆ ಹೆಚ್ಚು ಹೊತ್ತು ಬರುತ್ತದಲ್ಲವೇ? ನನಗೆ ಸಿಗುವ ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಉತ್ತರ (ಪ್ಯಾಕ್ ರಿಪೇರಿ ತಂತ್ರಜ್ಞ): ಟಾರ್ಚಿಗಾದರೆ ಹೌದು, ಡ್ರಿಲ್ಲಿಗೆ ಬೇಡ. ನಿರಂತರವಾಗಿ ಕೊಡಬಲ್ಲ ಕರೆಂಟ್ 35ಇಗೆ 8 ಆಂಪ್, 25ಆರ್‌ಗೆ 20 ಆಂಪ್. ದಪ್ಪ ಬಿಟ್ ಮರದೊಳಗೆ ಕಚ್ಚಿಕೊಂಡಾಗ ಮೋಟಾರ್ 30 ಆಂಪ್ ಎಳೆದರೂ ಒಂದೊಂದು ಸೆಲ್ ಮೇಲೆ 15 ಆಂಪ್ ಬೀಳುತ್ತದೆ. 35ಇ ಅಲ್ಲಿಗೇ ಮಿತಿ ದಾಟಿತು.

ಕೆಪಾಸಿಟಿಗಿಂತ ಮೊದಲು ಆಂತರಿಕ ರೋಧ, ಅಂದರೆ ಸೆಲ್ಲಿನೊಳಗೇ ಕರೆಂಟಿಗೆ ಆಗುವ ತಡೆ, ನೋಡಿ. ಒಂದು ಸೆಲ್ಲಿನದು 20 ಮಿಲಿಓಮ್, ಇನ್ನೊಂದರದು 40 ಎಂದಿಟ್ಟುಕೊಳ್ಳಿ. 15 ಆಂಪ್‌ನಲ್ಲಿ ಮೊದಲನೆಯದು 0.3 ವೋಲ್ಟ್ ಕುಸಿದು 4.5 ವ್ಯಾಟ್ ಬಿಸಿಯಾಗುತ್ತದೆ, ಎರಡನೆಯದು 0.6 ವೋಲ್ಟ್ ಕುಸಿದು 9 ವ್ಯಾಟ್. ಐದು ಸೆಲ್ ಸರಣಿಯಲ್ಲಿರುವಾಗ ಪ್ಯಾಕ್ ವೋಲ್ಟೇಜಿನಲ್ಲೇ 1.5 ವೋಲ್ಟ್ ವ್ಯತ್ಯಾಸ. ಡ್ರಿಲ್ಲಿನ ಲೋ-ವೋಲ್ಟೇಜ್ ಕಟಾಫ್ (ವೋಲ್ಟೇಜ್ ತೀರಾ ಇಳಿದಾಗ ತಾನೇ ನಿಲ್ಲಿಸುವ ವ್ಯವಸ್ಥೆ) ಬೇಗ ಬೀಳುತ್ತದೆ, ಸೆಲ್ಲಿನೊಳಗೆ ಇನ್ನೂ ಚಾರ್ಜ್ ಇದ್ದರೂ ಕೈಗೆ ಸಿಗುವುದಿಲ್ಲ. ಹೊದಿಕೆಯ ಮೇಲಿನ 3500 ಎಂಬುದು ಕಡಿಮೆ ಕರೆಂಟಿನಲ್ಲಿ 2.65 ವೋಲ್ಟ್ ತನಕ ಇಳಿಸಿ ಅಳೆದದ್ದು. ಡ್ರಿಲ್ ಹಾಗೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಹಾಗಾದರೆ 3000 ಎಂಎಹೆಚ್ ಸೆಲ್‌ಗಳು? ಸೋನಿಯ ವಿಟಿಸಿ6ಗೆ ಒಬ್ಬರು 15 ಆಂಪ್ ಅನ್ನುತ್ತಾರೆ, ಇನ್ನೊಬ್ಬರು 30.

ಉತ್ತರ (ಬ್ಯಾಟರಿ ಪರೀಕ್ಷಾ ಎಂಜಿನಿಯರ್): ಎರಡೂ ಸರಿ, ಷರತ್ತು ಬೇರೆ. ಸೋನಿಯ ಬ್ಯಾಟರಿ ವಿಭಾಗ 2017ರಲ್ಲಿ ಮುರಾಟಾ ಕೈಗೆ ಹೋಯಿತು. ಹಾಗಾಗಿ ಇದೇ ಸೆಲ್ ಎರಡು ಹೆಸರಲ್ಲಿ ಕಾಣಿಸುತ್ತದೆ. ಇದು ತಾಪಮಾನದ ಕಾವಲಿಲ್ಲದೆ 15 ಆಂಪ್. ಸೆಲ್ 80 ಡಿಗ್ರಿ ಮುಟ್ಟಿದ ಕೂಡಲೇ ನಿಲ್ಲಿಸುವ ವ್ಯವಸ್ಥೆ ಇದ್ದರೆ ಮಾತ್ರ 30. ನಿಮ್ಮ ಪ್ಯಾಕಿನಲ್ಲಿ ಬಿಸಿ ಅಳೆಯುವ ಥರ್ಮಿಸ್ಟರ್ ಒಂದೇ, ಅದೂ ಯಾವುದೋ ಮೂಲೆಯ ಸೆಲ್ಲಿಗೆ ಅಂಟಿರುತ್ತದೆ. ನಡುವಿನ ಸೆಲ್ ಅದಕ್ಕಿಂತ ಬಿಸಿ. ಆದ್ದರಿಂದ ಸಣ್ಣ ಅಂಕಿಯನ್ನೇ ನಂಬಿ.

3000ರ ಗುಂಪಿನಲ್ಲಿ ಸ್ಯಾಮ್‌ಸಂಗ್ 30ಕ್ಯೂ 15 ಆಂಪ್, ಎಲ್‌ಜಿ ಎಚ್‌ಜಿ2 20 ಆಂಪ್. ಅದಕ್ಕೂ ಮೇಲೆ ಬೇಕಿದ್ದರೆ ಕೆಪಾಸಿಟಿ ಬಿಟ್ಟುಕೊಡಬೇಕು: ವಿಟಿಸಿ5ಎ 2600 ಎಂಎಹೆಚ್, 25 ಆಂಪ್; ಮೊಲಿಸೆಲ್ ಪಿ28ಎ 2800 ಎಂಎಹೆಚ್, 35 ಆಂಪ್. ಕಾರಣ ಸರಳ. ಕರೆಂಟ್ ಜಾಸ್ತಿ ಬೇಕೆಂದರೆ ಎಲೆಕ್ಟ್ರೋಡ್ ಲೇಪನ ತೆಳುವಾಗಬೇಕು, ತಾಮ್ರ-ಅಲ್ಯೂಮಿನಿಯಂ ಹಾಳೆಯ ಪಾಲು ಹೆಚ್ಚಬೇಕು. ಅಷ್ಟೇ ಡಬ್ಬಿಯಲ್ಲಿ ಚಾರ್ಜ್ ಹಿಡಿಯುವ ವಸ್ತುವಿಗೆ ಜಾಗ ಕಡಿಮೆಯಾಗುತ್ತದೆ. 18650 ಮೇಲೆ 9900 ಎಂಎಹೆಚ್ ಎಂದು ಬರೆದಿದ್ದರೆ ಪರೀಕ್ಷಿಸುವ ಅಗತ್ಯವೂ ಇಲ್ಲ, ಸುಳ್ಳು.

ಪ್ರಶ್ನೆ: ಕೊಟ್ಟ ದುಡ್ಡಿಗೆ ಯಾವುದು ಲಾಭ ಎಂದು ಲೆಕ್ಕ ಹಾಕುವುದು ಹೇಗೆ?

ಉತ್ತರ (ಪರೀಕ್ಷಾ ಎಂಜಿನಿಯರ್): ಎಂಎಹೆಚ್ ಅನ್ನು ಬೆಲೆಯಿಂದ ಭಾಗಿಸಬೇಡಿ. ನಿಮ್ಮ ಕರೆಂಟಿನಲ್ಲಿ, ನಿಮ್ಮ ಕಟಾಫ್ ವೋಲ್ಟೇಜ್ ತನಕ, ಸೆಲ್ ನಿಜವಾಗಿ ಕೊಟ್ಟ ವ್ಯಾಟ್-ಅವರ್ (ಒಟ್ಟು ಶಕ್ತಿ) ತೆಗೆದುಕೊಂಡು ಬೆಲೆಯಿಂದ ಭಾಗಿಸಿ. 30ಕ್ಯೂಗೆ 100 ಕೊಟ್ಟು ಪಿ28ಎಗೆ 125 ಕೊಡಬೇಕಾಗಿ ಬಂದರೆ, ಸೆಲ್ಲಿಗೆ 5-8 ಆಂಪ್‌ನ ಕೆಲಸಕ್ಕೆ 30ಕ್ಯೂ ಸ್ಪಷ್ಟವಾಗಿ ಗೆಲ್ಲುತ್ತದೆ. 20 ದಾಟುವ ಆ್ಯಂಗಲ್ ಗ್ರೈಂಡರ್‌ಗೆ ಪಿ28ಎಯ 125 ಸಾರ್ಥಕ, ಏಕೆಂದರೆ ಅಲ್ಲಿ 30ಕ್ಯೂ ಬಿಸಿಯಲ್ಲೇ ಆಯಸ್ಸು ಕಳೆದುಕೊಳ್ಳುತ್ತದೆ. ಮಿತಿಯಲ್ಲೇ ದುಡಿಸಿದರೆ ಏನಾಗುತ್ತದೆ ಎಂಬುದಕ್ಕೆ 25ಆರ್‌ನ ಡೇಟಾಶೀಟ್ ನೋಡಿ: 4 ಆಂಪ್ ಚಾರ್ಜ್, 20 ಆಂಪ್ ಡಿಸ್ಚಾರ್ಜ್‌ನಲ್ಲಿ 250 ಸೈಕಲ್ (ತುಂಬಿ ಖಾಲಿ ಮಾಡುವ ಸುತ್ತು) ಆದಮೇಲೆ ಶೇ. 60 ಕೆಪಾಸಿಟಿಯ ಭರವಸೆ ಅಷ್ಟೇ.

ಪ್ರಶ್ನೆ: ಸೆಲ್ ಬಂದಮೇಲೆ ಅಸಲಿಯೋ ನಕಲಿಯೋ ಪರೀಕ್ಷಿಸುವುದು?

ಉತ್ತರ (ರಿಪೇರಿ ತಂತ್ರಜ್ಞ): ಮೊದಲು ತೂಕ. ಅಸಲಿ ಹೈ-ಡ್ರೈನ್ (ಹೆಚ್ಚು ಕರೆಂಟ್ ಕೊಡುವ) 18650 ಸುಮಾರು 45ರಿಂದ 48 ಗ್ರಾಂ ಇರುತ್ತದೆ. 40ಕ್ಕಿಂತ ಕಡಿಮೆ ಇದ್ದರೆ ವಾಪಸ್ ಕಳಿಸಿ. ಆಮೇಲೆ ವೋಲ್ಟೇಜ್: ಹೊಸ ಸೆಲ್ ಸಾಮಾನ್ಯವಾಗಿ 3.4-3.6 ವೋಲ್ಟ್ ಆಸುಪಾಸಿನಲ್ಲಿ ಬರುತ್ತದೆ. 2.5ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಲೇಬೇಡಿ. ಪಾಸಿಟಿವ್ ತುದಿಯಲ್ಲಿ ವೆಲ್ಡ್ ಕಿತ್ತ ಗುರುತು ಇದ್ದರೆ ಅದು ಹಳೇ ಪ್ಯಾಕಿನಿಂದ ಬಿಚ್ಚಿ ಹೊಸ ಹೊದಿಕೆ ಹಾಕಿದ ಸೆಲ್.

ಪರೀಕ್ಷಾ ಎಂಜಿನಿಯರ್: ಇದಾದಮೇಲೆ 4.20 ವೋಲ್ಟಿಗೆ ಚಾರ್ಜ್ ಮಾಡಿ, ಕರೆಂಟ್ 100 ಮಿಲಿಆಂಪ್‌ಗೆ ಇಳಿದಾಗ ನಿಲ್ಲಿಸಿ ಒಂದು ಗಂಟೆ ಬಿಡಿ. 0.5 ಆಂಪ್‌ನಲ್ಲಿ 2.5 ವೋಲ್ಟ್ ತನಕ ಇಳಿಸಿ ಕೆಪಾಸಿಟಿ ಬರೆದಿಟ್ಟುಕೊಳ್ಳಿ. ಮತ್ತೆ ತುಂಬಿ, ಈ ಸಲ 10 ಆಂಪ್‌ನಲ್ಲಿ ಇಳಿಸಿ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಅನ್ನು ಡಬ್ಬಿಯ ನಟ್ಟನಡುವೆ ಶಾಖ ತಡೆಯುವ ಟೇಪಿನಿಂದ ಅಂಟಿಸಿ. 70 ಡಿಗ್ರಿ ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ.

ರೋಧ ಅಳೆಯಲು ಹೀಗೆ ಮಾಡಿ. 1 ಆಂಪ್‌ನಲ್ಲಿ ವೋಲ್ಟೇಜ್ 3.92 ಇದೆ, 11 ಆಂಪ್‌ಗೆ ಏರಿಸಿ ಹತ್ತು ಸೆಕೆಂಡಿಗೆ 3.69 ಓದಿದಿರಿ. 0.23 ಅನ್ನು 10ರಿಂದ ಭಾಗಿಸಿದರೆ 23 ಮಿಲಿಓಮ್. ಚಾರ್ಜರಿನ ಪರದೆಯ ಮೇಲೆ ಬರುವ ಅಂಕಿಯನ್ನು ಇದರ ಜೊತೆ ಹೋಲಿಸಬೇಡಿ. ಸ್ಪ್ರಿಂಗ್ ಹೋಲ್ಡರ್‌ನ ಸಂಪರ್ಕ ರೋಧವೇ ಸೆಲ್ಲಿನಷ್ಟು ಇರಬಹುದು, ಸೆಲ್ಲನ್ನು ಹೋಲ್ಡರಿನಲ್ಲೇ ಸ್ವಲ್ಪ ಹೊರಳಿಸಿದರೆ ಅಂಕಿಯೂ ಬದಲಾಗುತ್ತದೆ. ವೋಲ್ಟೇಜ್ ಓದುವ ಎರಡು ತಂತಿಗಳು ಕರೆಂಟ್ ತಂತಿಗಳಿಂದ ಬೇರೆಯಾಗಿ, ನೇರ ಸೆಲ್ಲಿನ ತುದಿಯನ್ನೇ ಮುಟ್ಟಬೇಕು. ಸೆಲ್‌ಗಳೆಲ್ಲ ಒಂದೇ ತಾಪಮಾನ, ಒಂದೇ ಚಾರ್ಜ್ ಮಟ್ಟದಲ್ಲಿರಬೇಕು. ತಣ್ಣಗಿರುವ ಸೆಲ್ಲಿನ ರೋಧ ಯಾವಾಗಲೂ ಹೆಚ್ಚು.

ಪ್ರಶ್ನೆ: ಒಳ್ಳೆಯ ಸೆಲ್ ಹಾಕಿದರೂ ಪ್ಯಾಕ್ ಬಿಸಿಯಾಗುತ್ತಿದೆ ಎಂದರೆ?

ಉತ್ತರ (ರಿಪೇರಿ ತಂತ್ರಜ್ಞ): ನನ್ನ ಅನುಮಾನ ಮೊದಲು ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಯ ಮೇಲೆ. 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಶುದ್ಧ ನಿಕಲ್ ಪಟ್ಟಿ 20 ಮಿ.ಮೀ. ಉದ್ದಕ್ಕೆ ಸುಮಾರು 1.2 ಮಿಲಿಓಮ್. 20 ಆಂಪ್‌ಗೆ ಹತ್ತಿರಹತ್ತಿರ ಅರ್ಧ ವ್ಯಾಟ್, ಒಂದೊಂದು ಕೊಂಡಿಯಲ್ಲೂ. ನಿಕಲ್ ಲೇಪಿಸಿದ ಉಕ್ಕಾದರೆ ಹೆಚ್ಚುಕಡಿಮೆ ಎರಡರಷ್ಟು. ಪಟ್ಟಿಯನ್ನು ಅರದಿಂದ ಗೀರಿ ರಾತ್ರಿಯಿಡೀ ಉಪ್ಪುನೀರಲ್ಲಿ ಹಾಕಿಡಿ. ಉಕ್ಕಾಗಿದ್ದರೆ ಬೆಳಿಗ್ಗೆಗೆ ತುಕ್ಕು ಕಾಣುತ್ತದೆ. ನಿಮ್ಮ ಪ್ಯಾಕ್‌ಗೆ ಪಟ್ಟಿ ಎರಡು ಪದರ ಹಾಕಿ, ಅಥವಾ ಕೆಳಗೆ ತಾಮ್ರ, ಮೇಲೆ ನಿಕಲ್ ಇಟ್ಟು ಸ್ಪಾಟ್ ವೆಲ್ಡ್ ಮಾಡಿ. ಸೆಲ್ಲಿಗೆ ನೇರ ಸೋಲ್ಡರ್ ಬೆಸುಗೆ ಬೇಡ, ಒಳಗಿನ ಸೀಲೂ ಸೆಪರೇಟರೂ (ಎಲೆಕ್ಟ್ರೋಡ್‌ಗಳ ನಡುವಿನ ತೆಳು ಹಾಳೆ) ಬೇಯುತ್ತವೆ. ಪಾಸಿಟಿವ್ ಗುಬ್ಬಿಯ ಸುತ್ತ ಕಾಗದದ ಇನ್ಸುಲೇಟರ್ ಉಂಗುರ ತಪ್ಪಿಸಬೇಡಿ: ಆ ಅಂಚಿನಿಂದಲೇ ಶುರುವಾಗಿ ಇಡೀ ಡಬ್ಬಿ ನೆಗೆಟಿವ್. ಹೊದಿಕೆ ಸವೆದು ಪಟ್ಟಿ ತಾಗಿದರೆ ನೇರ ಶಾರ್ಟ್.

ಪ್ರಶ್ನೆ: 18650 ಬಿಟ್ಟು 21700ಗೆ ಹೋಗಬಹುದೇ?

ಉತ್ತರ (ಪರೀಕ್ಷಾ ಎಂಜಿನಿಯರ್): ಹಳೇ ಕವಚದಲ್ಲಿ ಕೂರುವುದಿಲ್ಲ, 3 ಮಿ.ಮೀ. ದಪ್ಪ, 5 ಮಿ.ಮೀ. ಉದ್ದ ಹೆಚ್ಚು. ಹೊಸದಾಗಿ ಕಟ್ಟುವುದಾದರೆ ಖಂಡಿತ ನೋಡಿ. ಮೊಲಿಸೆಲ್ ಪಿ42ಎ ಒಂದೇ ಸೆಲ್ 4200 ಎಂಎಹೆಚ್, 45 ಆಂಪ್, ತೂಕ ಸುಮಾರು 70 ಗ್ರಾಂ. ಎರಡು 30ಕ್ಯೂ ಸಮಾಂತರ ಸೇರಿಸಿದರೆ 6000 ಎಂಎಹೆಚ್ ಬರುತ್ತದೆ, ಆದರೆ 30 ಆಂಪ್, 90 ಗ್ರಾಂ ದಾಟುತ್ತದೆ, ವೆಲ್ಡ್‌ಗಳೂ ಎರಡರಷ್ಟು. 5000 ಎಂಎಹೆಚ್‌ನ ಸ್ಯಾಮ್‌ಸಂಗ್ 50ಇ ಮಾತ್ರ ಈ ಕೆಲಸಕ್ಕಲ್ಲ, ಅದರ ಮಿತಿ 10 ಆಂಪ್‌ಗೂ ಒಳಗೆ.

ಪ್ರಶ್ನೆ: ಕೆಲಸ ಮುಗಿದ ಕೂಡಲೇ ಚಾರ್ಜಿಗೆ ಹಾಕಬಹುದೇ?

ಉತ್ತರ (ರಿಪೇರಿ ತಂತ್ರಜ್ಞ): 45 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ಬೇಡ. 0 ಡಿಗ್ರಿಗಿಂತ ಕೆಳಗೂ ಬೇಡ, ಆ್ಯನೋಡ್ (ನೆಗೆಟಿವ್ ಎಲೆಕ್ಟ್ರೋಡ್) ಮೇಲೆ ಲೋಹದ ಲಿಥಿಯಂ ಕೂರುತ್ತದೆ, ಒಮ್ಮೆ ಕೂತದ್ದು ಪೂರ್ತಿ ಮರಳಿ ಬರುವುದಿಲ್ಲ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಸೆಲ್ಲಿಗೆ 3.6-3.8 ವೋಲ್ಟ್ ಮಟ್ಟದಲ್ಲಿ ಇಡಿ.