ಕಿಟಕಿಯಿಂದ ಕಾಣುವ ನಿಲ್ದಾಣಕ್ಕೆ ಕಾರು ಏಕೆ ಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಕಾಶೆಯಲ್ಲಿ ಅಳೆದರೆ ನಮ್ಮ ವಸತಿ ಸಂಕೀರ್ಣದಿಂದ ರೈಲು ನಿಲ್ದಾಣಕ್ಕೆ 400 ಮೀಟರ್. ಸುತ್ತಲೂ ಬಹುಮಹಡಿ ಕಟ್ಟಡಗಳು ಬಂದಿವೆ. ಆದರೂ ಹೆಚ್ಚಿನವರು ಕಾರು, ಬೈಕ್ ಹತ್ತುತ್ತಾರೆ. ನಿಲ್ದಾಣದ ಪಕ್ಕ ಮನೆಗಳು ಹೆಚ್ಚಿದರೆ ಸಾಲದೇ?

ಉತ್ತರ (ನಗರ ಯೋಜಕಿ): ಸಾಲದು ಸರ್. ನಿಲ್ದಾಣದ ಸುತ್ತ ನಕಾಶೆಯಲ್ಲಿ ಕೈವಾರದಿಂದ ಎಳೆದ ವೃತ್ತ ಕಾಗದದ ಮೇಲಷ್ಟೇ ನಿಜ. ನಿಲ್ದಾಣದಿಂದ 800 ಮೀಟರ್, ಅಂದರೆ ಹತ್ತು ನಿಮಿಷದ ನಡಿಗೆ ಎಂಬುದು ನಮ್ಮ ವೃತ್ತಿಯಲ್ಲಿ ರೂಢಿಯ ಲೆಕ್ಕ. ಬೀದಿಗಳು ಚದುರಂಗದ ಮಣೆಯಂತೆ ಅಚ್ಚುಕಟ್ಟಾಗಿದ್ದರೂ, ಅಷ್ಟು ನಡೆದು ಮುಟ್ಟಬಹುದಾದ ಜಾಗ ಆ ವೃತ್ತದ ಶೇ 64ರಷ್ಟು ಮಾತ್ರ. ದೊಡ್ಡ ಸಂಕೀರ್ಣವೊಂದು ಸುತ್ತ ಕಾಂಪೌಂಡ್ ಎಬ್ಬಿಸಿ ಒಂದೇ ಗೇಟು ಇಟ್ಟರೆ ಅದೂ ಉಳಿಯುವುದಿಲ್ಲ.

ಒಮ್ಮೆ ಸ್ಥಳ ಪರಿಶೀಲನೆಗೆ ಹೋದಾಗ, ಒಬ್ಬರ ಅಡುಗೆಮನೆಯ ಕಿಟಕಿಯಿಂದ ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಕಾಣುತ್ತಿದ್ದರು. ಗೇಟು ಮಾತ್ರ ಎದುರು ದಿಕ್ಕಿನಲ್ಲಿತ್ತು. ಸುತ್ತು ಹಾಕಿ ನಡೆದು ತಲುಪುವಷ್ಟರಲ್ಲಿ ಎರಡು ರೈಲು ಹೋಗಿದ್ದವು. ಹಿಂಬದಿ ಗೋಡೆಯ ಬುಡದಲ್ಲಿ ಯಾರೋ ಕಲ್ಲು ಪೇರಿಸಿ, ಹತ್ತಿ ಇಳಿಯಲು ಮೆಟ್ಟಿಲು ಮಾಡಿಕೊಂಡಿದ್ದರು. ಕಾಲುದಾರಿ ಎಲ್ಲಿ ಬೇಕಿತ್ತೆಂದು ತಿಳಿಯಲು ನನಗೆ ಬೇರೆ ಸಮೀಕ್ಷೆ ಬೇಕಾಗಲಿಲ್ಲ.

ಪ್ರಶ್ನೆ: ನಮ್ಮದೂ ಹಾಗೆಯೇ, ಗೇಟು ಮುಖ್ಯರಸ್ತೆಯ ಕಡೆಗಿದೆ. ಆದರೆ ಸಂಘದವರು ನಿಲ್ದಾಣದ ಬಳಿ ದೊಡ್ಡ ಪಾರ್ಕಿಂಗ್ ಕೇಳೋಣ ಎನ್ನುತ್ತಿದ್ದಾರೆ.

ಉತ್ತರ: ದಯವಿಟ್ಟು ಬೇಡ. ತಿರುಗಿಸುವ ಜಾಗವೂ ಸೇರಿದರೆ ಒಂದು ಕಾರಿಗೆ ಸುಮಾರು 25ರಿಂದ 30 ಚದರ ಮೀಟರ್ ಬೇಕು. ಅಷ್ಟರಲ್ಲಿ ಒಂದು ಪುಟ್ಟ ಮನೆಯೋ ಎರಡು ಅಂಗಡಿಯೋ ಆಗುತ್ತದೆ. ನಿಲ್ದಾಣದ ಬಾಗಿಲಿನ ನೆಲ ಬಹಳ ಬೆಲೆಯುಳ್ಳದ್ದು. ದಿನವಿಡೀ ನಿಂತ ವಾಹನಗಳಿಗೆ ಅದನ್ನು ಕೊಡುವುದು ನನಗೆ ಸಂಕಟದ ವಿಷಯ. ಇನ್ನೊಂದು ಮಾತು: ಮನೆಯಿಂದ ನಿಲ್ದಾಣಕ್ಕೆ ನಡೆಯುವವರೂ, ಇಳಿದ ಮೇಲೆ ಕಚೇರಿ ದೂರವಿದ್ದರೆ ಕಾರನ್ನೇ ತೆಗೆಯುತ್ತಾರೆ. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್ 1947ರಲ್ಲೇ ಕೈಬೆರಳುಗಳಂತೆ ರೈಲುಮಾರ್ಗಗಳ ಉದ್ದಕ್ಕೂ ಬೆಳೆಯುವ ಯೋಜನೆ ಹಾಕಿಕೊಂಡಿತು. ಮುಂದೆ ಅಲ್ಲಿ, 1,500 ಚದರ ಮೀಟರ್ ಮೀರಿದ ಕಚೇರಿಗಳು ಸಾಮಾನ್ಯವಾಗಿ ನಿಲ್ದಾಣದಿಂದ 600 ಮೀಟರ್ ಒಳಗೇ ಇರಬೇಕೆಂಬ ನಿಯಮವೂ ಬಂತು.

ಅದು ಸರ್ಕಾರ ಮಾಡಬೇಕಾದ ಕೆಲಸ. ನಿಮ್ಮ ಸಂಘದ ಕೈಯಲ್ಲಿರುವುದು ಹಿಂಬದಿ ಗೋಡೆ. ಅಲ್ಲೊಂದು ಸಣ್ಣ ಗೇಟು ತೆಗೆಸಿ. ಗಾಲಿಕುರ್ಚಿ ನುಗ್ಗುವಷ್ಟು ಅಗಲವಿರಲಿ, ದೀಪವಿರಲಿ. ರಾತ್ರಿಯ ಕೊನೆಯ ರೈಲು ಬಂದು ಹೋಗುವವರೆಗೂ ಅದಕ್ಕೆ ಬೀಗ ಬೀಳಬಾರದು.