ಗದ್ದೆ ಪಕ್ಕ 'ದುಬೈ ಮಾದರಿ' ಲೇಔಟ್: ಮನೆಯವರಿಗೆ ಏನು ಹೇಳಲಿ?

ಗದ್ದೆಬಯಲು:
ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಹತ್ತಿರ ನಾಲೆ ಕೆಳಗೆ ನಮ್ಮದು ಎರಡು ಎಕರೆ ಗದ್ದೆ ಇದೆ. ಪಕ್ಕದ ಜಮೀನು ಹೋದ ವರ್ಷ ಲೇಔಟ್ ಆಯಿತು. ನಾಲ್ಕೇ ತಿಂಗಳಲ್ಲಿ ಮಣ್ಣು ಹೊಡೆದು, ರಸ್ತೆ ಹಾಕಿ, ಕಮಾನು ಕಟ್ಟಿ, ಎಲ್ಲಿಂದಲೋ ಖರ್ಜೂರದ ಮರ ತಂದು ನೆಟ್ಟರು. ನೆಲ ಈಗ ನಮ್ಮ ಗದ್ದೆಗಿಂತ ಆಳೆತ್ತರ ಇದೆ. ಮೊದಲು ಮಳೆ ನೀರು ಒಂದು ಹಳ್ಳಕ್ಕೆ ಬಿದ್ದು ಕೆರೆಗೆ ಹೋಗುತ್ತಿತ್ತು. ಹಳ್ಳ ಮುಚ್ಚಿ ಪೈಪು ಹಾಕಿದ್ದಾರೆ, ಒಂದು ಬಿಂದಿಗೆ ಕೂಡ ತೂರಲ್ಲ ಅದರಲ್ಲಿ. ಹೋದ ಮಳೆಗೆ ನಾಟಿ ಹಾಕಿದ ಪೈರು ಐದು ದಿನ ನೀರಲ್ಲಿ ನಿಂತು ಕೊಳೆತು ಹೋಯಿತು.

ಈಗ ನಮ್ಮ ಜಮೀನನ್ನೂ ಕೇಳುತ್ತಿದ್ದಾರೆ. ಮಧ್ಯೆ ಕೃತಕ ಕೆರೆ, ಸುತ್ತ ಮನೆಗಳು, 'ದುಬೈ ಮಾದರಿ' ಅಂತೆ. ನಮ್ಮ ಭಾವ ಹತ್ತು ವರ್ಷ ದುಬೈನಲ್ಲಿದ್ದು ಬಂದವರು. 'ಮರಳುಗಾಡಲ್ಲೇ ಅಷ್ಟು ಕಟ್ಟಿದ್ದಾರೆ, ನೀನು ಎರಡು ಎಕರೆ ಹಿಡ್ಕೊಂಡು ಕೂತಿದ್ದೀಯಲ್ಲ' ಅಂತಾರೆ. ಅಪ್ಪ ಏನೂ ಮಾತಾಡುತ್ತಿಲ್ಲ. ದುಡ್ಡಿನ ಲೆಕ್ಕ ಎಲ್ಲರೂ ಹೇಳುತ್ತಾರೆ. ಹೀಗೆ ಅವಸರದಲ್ಲಿ ಊರು ಕಟ್ಟಿದರೆ ನೀರಿಗೆ, ನೆಲಕ್ಕೆ ಏನಾಗುತ್ತೆ ಅನ್ನೋದನ್ನ ಗೊತ್ತಿರುವವರು ಹೇಳಿ. ಭಾವನ ಹತ್ತಿರ ಜಗಳ ಆಡೋಕಲ್ಲ, ಕೂತು ಮಾತಾಡೋಕೆ.

ಸೈಟ್‌ಎಂಜಿನಿಯರ್:
ನಾನೂ ಗಲ್ಫ್‌ನಲ್ಲಿ ಆರು ವರ್ಷ ಸೈಟ್ ಕೆಲಸ ಮಾಡಿದವನು. ನಿಮ್ಮ ಭಾವ ಹೇಳೋದು ಸುಳ್ಳಲ್ಲ, ಆ ವೇಗ ನೋಡಿದರೆ ಯಾರಿಗಾದರೂ ಬೆರಗಾಗುತ್ತೆ. ಆದರೆ ಅದಕ್ಕೆ ಏನೇನು ಸುರಿದರು ಅಂತಲೂ ನೋಡಬೇಕು. ದುಬೈ ತೀರದಲ್ಲಿ ಸಮುದ್ರ ತುಂಬಿಸಿ ಮಾಡಿದ, 2001ರಲ್ಲಿ ಶುರುವಾದ ಪಾಮ್ ಜುಮೈರಾ ದ್ವೀಪವನ್ನೇ ತಗೊಳ್ಳಿ. ಸುಮಾರು 9.4 ಕೋಟಿ ಘನ ಮೀಟರ್ ಮರಳು, 70 ಲಕ್ಷ ಟನ್ ಬಂಡೆ. ಸುತ್ತ ಮರಳುಗಾಡೇ ಇದ್ದರೂ ಆ ಮರಳು ಕೆಲಸಕ್ಕೆ ಬರಲ್ಲ, ಗಾಳಿಗೆ ಉರುಳಿ ಉರುಳಿ ಕಾಳು ಸಾಸಿವೆ ಹಾಗೆ ನುಣ್ಣಗಾಗಿರುತ್ತೆ, ಒಂದನ್ನೊಂದು ಹಿಡಿಯಲ್ಲ. ಹಾಗಾಗಿ ಸಮುದ್ರದ ತಳದಿಂದ ಎಳೆದು ಹಾಕಿದರು. ಅಲ್ಲಿ ಎದ್ದ ಕೆಸರು ಹವಳದ ಮೇಲೆ ಕೂತಿತು. ಅಲೆ ತಡೆಯೋಕೆ ಸುತ್ತ 11 ಕಿ.ಮೀ. ಕಲ್ಲಿನ ಕಟ್ಟೆ ಬೇರೆ. ಅದರಿಂದ ಒಳಗಿನ ನೀರು ಸರಿಯಾಗಿ ಓಡಾಡದೆ, ಕಟ್ಟೆಯಲ್ಲಿ ದಾರಿ ಬಿಡಬೇಕಾಯಿತು. ನಿಮ್ಮ ಹಳ್ಳದ ಕಥೆಯೂ ಅದೇ ಅಲ್ವಾ?

ದುಬೈನಲ್ಲಿ ಕುಡಿಯುವ ನೀರು ಹೆಚ್ಚೂಕಡಿಮೆ ಪೂರ್ತಿ ಸಮುದ್ರದ್ದೇ, ಉಪ್ಪು ತೆಗೆದು ಕೊಡುತ್ತಾರೆ. ಉಳಿದ ಗಟ್ಟಿ ಉಪ್ಪುನೀರು ವಾಪಸ್ ಅದೇ ಸಮುದ್ರಕ್ಕೆ ಹೋಗುತ್ತೆ. 2024ರ ಏಪ್ರಿಲ್ 16ರಂದು ಒಂದು ವರ್ಷದ ಮಳೆ ಒಂದೇ ದಿನ ಬಂದಾಗ ವಿಮಾನ ನಿಲ್ದಾಣದಲ್ಲೇ ನೀರು ನಿಂತಿತ್ತು.

ಇನ್ನು ಸಿಮೆಂಟ್. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಗೆ ಕಾಯಿಸಿ ಮಾಡೋದು. ಉರಿಸಿದ ಕಲ್ಲಿದ್ದಲಿನ ಹೊಗೆ ಒಂದು ಕಡೆ, ಕಲ್ಲಿನೊಳಗಿನ ಇಂಗಾಲವೇ ಹೊರಗೆ ಬರೋದು ಇನ್ನೊಂದು ಕಡೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7-8ರಷ್ಟು ಸಿಮೆಂಟ್‌ನದ್ದೇ. ಯಾರೂ ವಾಸ ಮಾಡದ ಮನೆಗೂ, ಸುಮ್ನೆ ಅಂದಕ್ಕೆ ಕಟ್ಟಿದ ಕಮಾನಿಗೂ ಅಷ್ಟೇ ಖರ್ಚು.

ಕಬ್ಬಿನಹೊಲ:
ಅಣ್ಣ, ದುಬೈ ದೂರ ಆಯಿತು. ನಿಮ್ಮ ಪಕ್ಕದ ಲೇಔಟ್‌ಗೆ ಬಿದ್ದ ಜಲ್ಲಿ ಎಲ್ಲಿಂದ ಬಂತು ಅಂತ ಮೊದಲು ಕೇಳಿ. ನಾನು ಪಾಂಡವಪುರದ ಕಡೆಯವಳು. ನಮ್ಮ ಹೊಲದಿಂದಲೇ ಕ್ರಷರ್ ಕಾಣುತ್ತೆ. ಬೇಸಿಗೆಯಲ್ಲಿ ಕಬ್ಬಿನ ಗರಿ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಬಿಳಿ ಧೂಳು. ಅಮ್ಮ ಗರಿಯನ್ನು ತೊಟ್ಟಿಯಲ್ಲಿ ಅದ್ದಿ, ಒದರಿ, ಆಮೇಲೆ ಎಮ್ಮೆಗೆ ಹಾಕುತ್ತಾರೆ. ಹಾಗೇ ಹಾಕಿದರೆ ಅದು ಮೂಸಿ ನೋಡಿ ಮುಖ ತಿರುಗಿಸುತ್ತೆ.

ನಮ್ಮ ಕಡೆಯ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆ ಗಲಾಟೆ ಎಲ್ಲರಿಗೂ ಗೊತ್ತಲ್ಲ. 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಅಣೆಕಟ್ಟೆ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ತಡೆಯಿತು. ಕಟ್ಟೆಗೆ ಅಪಾಯ ಅಂದಿದ್ದಕ್ಕೆ ಅಷ್ಟಾದರೂ ಆಯಿತು. ಹತ್ತಿರ ಕಟ್ಟೆ ಇಲ್ಲದ ಊರಿನ ಗುಡ್ಡ ಕರಗಿದರೆ ಯಾರು ಕೇಳುತ್ತಾರೆ? ಹೊಳೆ ಮರಳು ತೆಗೆಯೋದು ಬೇಡ, ಎಂ-ಸ್ಯಾಂಡ್ ಹಾಕಿ ಅಂತಾರೆ. ಹೊಳೆಗೆ ಒಳ್ಳೆಯದು, ನಿಜ. ಆದರೆ ಅದೂ ಬಂಡೆ ಪುಡಿ ಮಾಡಿದ್ದೇ, ಆ ಬಂಡೆ ನಮ್ಮೂರಿಂದಲೇ ಹೋಗಬೇಕು.

ಕುಕ್ಕರಹಳ್ಳಿ_ಏರಿ:
ಊರು ಕಟ್ಟೋದೇ ತಪ್ಪು ಅಂದರೆ ನಾನು ಒಪ್ಪಲ್ಲ. ಮೈಸೂರೂ ಯೋಚನೆ ಮಾಡಿ ಕಟ್ಟಿದ ಊರೇ, 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಗಿತ್ತು. ನೀರಿನ ದಾರಿ ಬಿಟ್ಟು ಕಟ್ಟಬೇಕು, ನಾನು ಹೇಳೋದು ಇಷ್ಟೇ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇನೆ. 1864ರ ಕೆರೆ ಅದು. ಅದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಮೇಲೆ, ಅಕ್ಕಪಕ್ಕ ಕಟ್ಟಡ ಎದ್ದು, ಕೆರೆ ಇದ್ದರೂ ನೀರಿನ ದಾರಿ ಕಟ್ಟಿಹೋಗಿದೆ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡೋಕೆ 40 ಮರ ಕಡಿದರು, ಆ ನೆರಳಲ್ಲಿ ಓಡಾಡಿದವರಿಗೆ ಅದರ ನೋವು ಗೊತ್ತು.

ಗದ್ದೆಬಯಲು ಅವರೇ, ನೀವು ಮೊದಲು ಗ್ರಾಮ ನಕ್ಷೆ ತೆಗೆಸಿ. ಆನ್‌ಲೈನ್‌ನಲ್ಲೂ ಸಿಗುತ್ತೆ. ಹಳ್ಳ ಅದರಲ್ಲಿ ಇದೆಯಾ ನೋಡಿ, ಪಕ್ಕದ ಜಮೀನಿನ ಪಹಣಿಯಲ್ಲಿ 'ಬಿ' ಖರಾಬು ಎಷ್ಟು ಅಂತ ನೋಡಿ. ಹಳ್ಳ, ದಾರಿ, ಕೆರೆ ಜಾಗ ಬರೋದು ಅದರಲ್ಲೇ. ಅದು ಸಾರ್ವಜನಿಕರದ್ದು, ಯಾರೂ ಮಾರೋ ಹಾಗಿಲ್ಲ. ಪೈರು ಮುಳುಗಿದ ಫೋಟೊ, ತಾರೀಖು ಇಟ್ಟು ತಹಶೀಲ್ದಾರರಿಗೆ ಅರ್ಜಿ ಕೊಡಿ, ಸರ್ವೆ ಕೇಳಿ. ಆ ಕೃತಕ ಕೆರೆಗೆ ನೀರು ಎಲ್ಲಿಂದ ತರುತ್ತಾರೆ ಅಂತಲೂ ಕೇಳಿ. ಬೋರ್‌ವೆಲ್ ನೀರು ಎತ್ತಿ, ಕೆಳಗೆ ಪ್ಲಾಸ್ಟಿಕ್ ಹಾಸಿ ತುಂಬಿಸಿದರೆ ಅದು ಇಂಗಲ್ಲ, ಬಿಸಿಲಿಗೆ ಆರಿ ಹೋಗುತ್ತೆ. ಒಣಗೋದು ನಿಮ್ಮ ಬಾವಿ.

ಗದ್ದೆಬಯಲು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಕ್ಷೆ ಸಿಕ್ಕಿತು. ಹಳ್ಳ ಇದೆ, ನೇರ ಕೆರೆವರೆಗೂ ಗೆರೆ ಇದೆ. ರಾತ್ರಿ ಊಟ ಆದಮೇಲೆ ಭಾವನಿಗೆ ತೋರಿಸಿದೆ. ಫೋನ್ ಹಿಡಿದು ಆ ಗೆರೆಯನ್ನೇ ದೊಡ್ಡದು ಮಾಡಿ ಮಾಡಿ ನೋಡಿದರು, 'ಮಾರೋ ಮಾತು ಆಮೇಲೆ, ಇದನ್ನ ಬಿಡಿಸಬೇಕು' ಅಂದರು. ಕೃತಕ ಕೆರೆಗೆ ನೀರು ಎಲ್ಲಿಂದ ಅಂತ ಲೇಔಟ್‌ನವರನ್ನು ಕೇಳಿದೆ, ಎರಡು ಬೋರ್ ಕೊರೆಸ್ತೀವಿ ಅಂದರು. ಸೋಮವಾರ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇವೆ, ಅಪ್ಪನೂ ಬರುತ್ತೇನೆ ಅಂದಿದ್ದಾರೆ. ಅರ್ಜಿಗೆ ಕೆಳಗಿನ ಗದ್ದೆಯವರ ಸಹಿಯನ್ನೂ ಹಾಕಿಸಿದರೆ ಒಳ್ಳೆಯದಾ, ಅಥವಾ ಅವರು ಬೇರೆ ಅರ್ಜಿ ಕೊಡಬೇಕಾ?